ಶೋಭಾ ಮಿಸ್ಸು ಕೆಲಸ ಬಿಟ್ಟಿದ್ದು

ಶೋಭಾರಾಣಿ ಓಡುವುದನ್ನು ಕಲಿತದ್ದು ಬಸ್ಸು ತಪ್ಪಬಾರದೆಂದು. ಅವಳ ತವರು ಕೈವಾರದಿಂದ ಒಳಕ್ಕಿರುವ ಒಂದು ಹಳ್ಳಿ. ಚಿಂತಾಮಣಿಗೆ ಹೋಗುವ ಬೆಳಗಿನ ಬಸ್ಸು ಊರೊಳಕ್ಕೆ ಬರುತ್ತಿರಲಿಲ್ಲ. ದೊಡ್ಡ ರಸ್ತೆಯಲ್ಲೇ ನಿಂತು ಹಾರನ್ ಹೊಡೆದು ಹೊರಟುಬಿಡುತ್ತಿತ್ತು. ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಹಾರನ್ ಕೇಳಿಸುತ್ತಿತ್ತು. ಆಮೇಲೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ, ಪುಸ್ತಕದ ಚೀಲ ಎದೆಗವಚಿಕೊಂಡು ಓಟ. ಕಿಟಕಿಯಿಂದ ಇದನ್ನು ನೋಡುತ್ತಿದ್ದ ಹೈಸ್ಕೂಲಿನ ಮೇಷ್ಟ್ರೊಬ್ಬರು ಅವಳ ಹೆಸರನ್ನು ತಾಲೂಕು ಕ್ರೀಡಾಕೂಟಕ್ಕೆ ಬರೆಸಿದರು. ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ. ಅಷ್ಟಕ್ಕೇ ನಿಂತಳು. ಯಾಕೆ ನಿಂತಿರಿ ಎಂದು ಮಕ್ಕಳು ಕೇಳಿದರೆ, "ನನಗಿಂತ ಜೋರಾಗಿ ಓಡೋರು ಇದ್ರು ಕಣಪ್ಪ" ಎಂದು ನಕ್ಕುಬಿಡುತ್ತಿದ್ದಳು.

ಓದು ಮುಗಿಸಿ ದೈಹಿಕ ಶಿಕ್ಷಕಿಯಾದಳು. ಗೌರಿಬಿದನೂರಿನಲ್ಲಿ ಒಂದಷ್ಟು ಕಾಲ, ಶಿಡ್ಲಘಟ್ಟದಲ್ಲಿ ಒಂದಷ್ಟು ಕಾಲ, ಇವತ್ತು ಇದ್ದು ನಾಳೆ ಇಲ್ಲದ ಅತಿಥಿ ಶಿಕ್ಷಕಿಯ ಕೆಲಸ. ಕೊನೆಗೆ ಚಿಕ್ಕಬಳ್ಳಾಪುರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕೆಲಸ ಕಾಯಂ ಆಯಿತು. ಆ ದಿನ ಅವಳು ಸ್ವೀಟು ಹಂಚಲಿಲ್ಲ. ಮೆಟ್ಟಿಲ ಕೆಳಗೆ ಆಟದ ಸಾಮಾನು ಇಡುವ ಪುಟ್ಟ ಕೋಣೆಯೊಂದಿತ್ತು; ಅದರ ಕಸ ಹೊಡೆದು, ಗೋಡೆಗೆ ಸುಣ್ಣ ಬಳಿಸಿ, ಬಾಗಿಲಿಗೆ ತನ್ನದೇ ಬೀಗ ಹಾಕಿದಳು. ಮದುವೆಯಾಗಿ ಗಂಡನ ಮನೆಗೆ ಬಂದಾಗಲೂ, ಮನೆ ಕಟ್ಟಿದಾಗಲೂ ಅಷ್ಟು ಸಂತೋಷ ಆಗಿರಲಿಲ್ಲವೆಂದು ಒಂದು ಸಲ ತಾಯಿ ರಾಮಲಕ್ಷ್ಮಮ್ಮನ ಹತ್ತಿರ ಹೇಳಿಕೊಂಡಿದ್ದಳಂತೆ.

ಗಂಡ ಮುರಳಿಮೋಹನ್ ಪೆರೇಸಂದ್ರದ ಕಡೆಯವನು. ಜಮೀನು ಅಣ್ಣ ನೋಡಿಕೊಳ್ಳುತ್ತಿದ್ದ, ತಾಯಿ ಮುನಿಗಂಗಮ್ಮ ಅಣ್ಣನ ಮನೆಯಲ್ಲಿದ್ದರು. ಮುರಳಿ ಶಿಡ್ಲಘಟ್ಟದಲ್ಲಿ ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಮೆತ್ತಗಿನ ಮನುಷ್ಯ. ದನಿ ಎತ್ತಿ ಮಾತಾಡಿದವನಲ್ಲ, ಹೆಂಡತಿಯ ಸಂಬಳದ ವಿಚಾರಕ್ಕೆ ಬಂದವನಲ್ಲ. ಇಬ್ಬರಿಗೂ ಒಬ್ಬಳೇ ಮಗಳು, ಸೌಜನ್ಯ.

ಸೌಜನ್ಯಳಿಗೆ ತಾಯಿಯ ಕಾಲು ಬಂದಿತ್ತು. ತಾಯಿಗಿಲ್ಲದ ಉಸಿರೂ ಬಂದಿತ್ತು. ಏಳನೇ ತರಗತಿಯಲ್ಲಿದ್ದಾಗ ಗೌರಿಬಿದನೂರಿನ ಒಂದು ಕೂಟದಲ್ಲಿ ಹೈಸ್ಕೂಲಿನ ಹುಡುಗಿಯರ ಜೊತೆ ಸಾವಿರದೈನೂರು ಮೀಟರ್ ಓಟಕ್ಕೆ ನಿಂತಳು. ಕೊನೆಯ ಸುತ್ತಿನಲ್ಲಿ ಉಳಿದವರೆಲ್ಲ ಬಾಯಿ ತೆರೆದು ಓಡುತ್ತಿದ್ದರೆ ಇವಳು ಮೂಗಿನಲ್ಲೇ ಉಸಿರಾಡುತ್ತ ಅವರನ್ನು ಒಬ್ಬೊಬ್ಬರಾಗಿ ದಾಟಿದಳು. ಅದನ್ನು ನೋಡಿ ಶೋಭಾರಾಣಿಗೆ ಹೆಮ್ಮೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇದು ತನ್ನ ಕೈಯಲ್ಲಿ ಬೆಳೆಸಲಾಗದ ಪೈರು ಅನ್ನಿಸಿತು.

ಕೀನ್ಯಾದ ಮಾತು ಎತ್ತಿದವನು ಮುರಳಿ. ಅವನಿಗೆ ಓಟದ ಗಂಧಗಾಳಿ ಇರಲಿಲ್ಲ, ಆದರೆ ಮೊಬೈಲಿನಲ್ಲಿ ನೋಡಿ ನೋಡಿ ತಿಳಿದುಕೊಂಡಿದ್ದ. ಇಟೆನ್ ಅಂತ ಒಂದು ಊರು, ನಂದಿಬೆಟ್ಟದ ಮೇಲೆ ಇನ್ನೊಂದು ಬೆಟ್ಟ ಇಟ್ಟಷ್ಟು ಎತ್ತರದಲ್ಲಿದೆ, ದೂರದ ಓಟದವರೆಲ್ಲ ತಯಾರಾಗುವುದು ಅಲ್ಲೇ, ಬೇರೆ ದೇಶದ ಮಕ್ಕಳನ್ನೂ ತಂದೆತಾಯಿ ಜೊತೆಗಿದ್ದರೆ ಸೇರಿಸಿಕೊಳ್ಳುವ ಒಂದು ಶಿಬಿರ ಇದೆ ಎಂದ.

"ಮಗೂನ ಅಷ್ಟು ದೂರ ಕಳಿಸೋಕಾಗತ್ತೇನ್ರೀ?" ಎಂದಳು ಶೋಭಾರಾಣಿ.

"ಕಳಿಸೋದ್ಯಾಕೆ? ನಾವೂ ಹೋಗಣ. ಎರಡು ಮೂರು ವರ್ಷದ ಮಾತು. ಈ ವಯಸ್ಸು ಹೋದ್ರೆ ಮತ್ತೆ ಬರತ್ತಾ?"

"ಕೆಲಸ?"

"ಬಿಡೋದು. ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಕೊಂಡ್ರೆ ಯಾವುದೂ ಆಗಲ್ಲ ಶೋಭಾ. ಸ್ವಲ್ಪ ಕಷ್ಟ ಬಂದ್ರೆ ಊರಿಗೆ ಓಡಿ ಬಂದ್ಬಿಡ್ತೀವಿ. ಇಬ್ರೂ ರಾಜೀನಾಮೆ ಕೊಟ್ಟು ಹೋಗಣ. ಆವಾಗ ಹುಡುಗೀಗೂ ಗೊತ್ತಾಗತ್ತೆ, ಅಪ್ಪ ಅಮ್ಮ ಆಟಕ್ಕೆ ಬಂದಿಲ್ಲ ಅಂತ."

ಅವಳು ಒಪ್ಪಲು ಒಂದು ಮಳೆಗಾಲ ಹಿಡಿಯಿತು. ಪೆರೇಸಂದ್ರದ ದ್ರಾಕ್ಷಿ ತೋಟದಲ್ಲಿ ಮುರಳಿಯ ಪಾಲಿಗಿದ್ದದ್ದನ್ನು ಅಣ್ಣನೇ ಇಟ್ಟುಕೊಂಡು ದುಡ್ಡು ಕೊಟ್ಟ. ಖರ್ಚಿನ ಮಾತು ಅಲ್ಲಿಗೆ ಮುಗಿಯಿತು. ಉಳಿದದ್ದು ಕೆಲಸ. ಮುಖ್ಯೋಪಾಧ್ಯಾಯ ಚನ್ನಕೇಶವ ಅವಳ ರಾಜೀನಾಮೆಯನ್ನು ಎರಡು ಸಲ ಓದಿದರು.

"ಒಂದು ವರ್ಷ ರಜೆ ಕೊಡಿಸ್ತೀನಿ ಕಣಮ್ಮ. ಅದಕ್ಕಿಂತ ಹೆಚ್ಚಿಗೆ ಆಡಳಿತ ಮಂಡಳಿಯವ್ರು ಒಪ್ಪಲ್ಲ. ಒಂದು ವರ್ಷ ನೋಡಿ, ಆಮೇಲೆ ಯೋಚನೆ ಮಾಡಿ."

"ಬೇಡಿ ಸಾರ್. ನಮ್ಮನೆಯವ್ರೂ ಬಿಡ್ತಿದಾರೆ. ನಾನೊಬ್ಳೇ ಇಟ್ಕೊಂಡ್ರೆ ಸರಿ ಹೋಗಲ್ಲ."

ಕೋಣೆಯ ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟು ಬಂದಳು. ಅದೇ ಸಾಯಂಕಾಲ ಮುರಳಿ ಶಿಡ್ಲಘಟ್ಟದಿಂದ ಬಂದು ಕೈಕಾಲು ತೊಳೆದು, "ನಂದೂ ಆಯ್ತು" ಎಂದ. ಅವಳು ಪಾಯಸ ಮಾಡಿದ್ದಳು. ಮೂವರೂ ನೆಲದ ಮೇಲೆ ಕೂತು ಉಂಡರು. ಹೊರಡುವ ಮೊದಲು ಅವನ ಕಚೇರಿಯವರು ಮನೆಗೇ ಬಂದು ಹಾರ ಹಾಕಿ ಹೋದರು.

ಇಟೆನ್‌ಗೆ ಇಳಿದಾಗ ಅವಳಿಗೆ ಮೊದಲು ಕಂಡದ್ದು ಮಣ್ಣು. ಚಿಂತಾಮಣಿಯ ಮಣ್ಣಿನ ಹಾಗೇ ಕೆಂಪಗೆ, ಬಟ್ಟೆಗೆ ಹತ್ತಿದರೆ ಹೋಗದಂಥದ್ದು. ಬೆಳಗಿನ ಜಾವ ಚಳಿಯಲ್ಲಿ ಬಾಗಿಲು ತೆರೆದರೆ ರಸ್ತೆಯ ತುಂಬ ಓಡುವವರು. ಮಾತಿಲ್ಲ, ಬರೀ ಕಾಲಿನ ಸದ್ದು. ಅಲ್ಲಿನವರೂ ರಾಗಿ ಅಂಬಲಿ ಕುಡಿಯುತ್ತಿದ್ದರು; ಹುಳಿ ಬರಿಸಿ, ಸಕ್ಕರೆ ಹಾಕಿ. ಮನೆ ಬಾಡಿಗೆಗೆ ಕೊಟ್ಟಿದ್ದ ಹೆಂಗಸಿಗೆ ಶೋಭಾರಾಣಿ ಮುದ್ದೆ ತೊಳಸುವುದನ್ನು ತೋರಿಸಿದಳು. ಆ ಹೆಂಗಸು ಒಂದು ತುತ್ತು ಬಾಯಿಗಿಟ್ಟು, ನಮ್ಮದು ಮುಸುಕಿನ ಜೋಳದ ಹಿಟ್ಟಿನದು, ಅದೂ ಹೀಗೇ ಎಂದಳು. ಆ ಊರಿನಲ್ಲಿ ಹೆಂಗಸರನ್ನು ಮಕ್ಕಳ ಹೆಸರಿನಿಂದ ಕರೆಯುವುದು ರೂಢಿ. ವಾರದೊಳಗೆ ಅವಳು ಎಲ್ಲರ ಬಾಯಲ್ಲೂ ಮಾಮಾ ಸೌಜನ್ಯ, ಅಂದರೆ ಸೌಜನ್ಯಳ ಅಮ್ಮ, ಆದಳು. ತನ್ನ ಸ್ವಂತ ಹೆಸರನ್ನು ಗಂಡನ ಬಾಯಲ್ಲಿ ಮಾತ್ರ ಕೇಳುತ್ತಿದ್ದಳು.

ತರಬೇತಿಗೆ ತಾಯಂದಿರು ಬಾಯಿ ಹಾಕಬಾರದೆಂದು ಶಿಬಿರದವರು ಮೊದಲೇ ಹೇಳಿದ್ದರು. ಬಾಳೆಲ್ಲ ಮೈದಾನದ ನಡುವೆ ನಿಂತು ಸೀಟಿ ಊದಿದವಳು ಅಲ್ಲಿ ಬೇಲಿಯ ಆಚೆ ಕಲ್ಲಿನ ಮೇಲೆ ಕೂತು, ಮಗಳ ಸ್ವೆಟರು ಹಿಡಿದುಕೊಂಡು ನೋಡುತ್ತಿದ್ದಳು. ಮುರಳಿ ಕೆಳಗಿನ ಎಲ್ಡೊರೆಟ್ ಪಟ್ಟಣಕ್ಕೆ ಹೋಗಿ ಗುಜರಾತಿ ಅಂಗಡಿಯಿಂದ ತೊಗರಿಬೇಳೆ, ಸಾಸಿವೆ ತರುತ್ತಿದ್ದ. ಅಲ್ಲಿನ ಗಾಳಿ ಅವನಿಗೆ ಒಗ್ಗಿತ್ತು. ಅವನಿಗೆ ರಾತ್ರಿ ಚೆನ್ನಾಗಿ ನಿದ್ದೆ ಬರುವುದನ್ನು ಕಂಡು ಅವಳಿಗೆ ಆಶ್ಚರ್ಯವಾಗುತ್ತಿತ್ತು. ಕೈಯಲ್ಲಿ ಕೆಲಸವಿಲ್ಲದ ಗಂಡಸು ಇಷ್ಟು ನಿಶ್ಚಿಂತೆಯಾಗಿರುವುದು ಧೈರ್ಯವೇ ಇರಬೇಕು ಅಂದುಕೊಂಡಳು. ಅವನ ಮೇಲೆ ಗೌರವ ಹೆಚ್ಚಾಯಿತು.

ಸೌಜನ್ಯ ಮೊದಮೊದಲು ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದಳು. ಅಲ್ಲಿನ ಹುಡುಗಿಯರು ಹುಟ್ಟಿದ ಗಾಳಿಯಲ್ಲಿ ಓಡುತ್ತಿದ್ದರು. ಆಮೇಲೆ ಗುಂಪಿನ ನಡುವಿಗೆ ಬಂದಳು, ಅಲ್ಲೇ ನಿಂತಳು. ನಡುವಿನಿಂದ ಮುಂದಕ್ಕೆ ಹೋಗಲಿಲ್ಲ. ಒಂದೊಂದು ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುತ್ತಿರಲಿಲ್ಲ. ಅಂಥ ದಿನ ಶೋಭಾರಾಣಿ ಮಗ್ಗುಲಲ್ಲಿ ಕೂತು ಅದೇ ಮಾತು ಹೇಳುತ್ತಿದ್ದಳು.

"ನಿನಗೋಸ್ಕರ ಅಪ್ಪ ಅಮ್ಮ ಇಬ್ರೂ ಕೆಲಸ ಬಿಟ್ಟು ಬಂದಿದೀವಿ ಕಣಮ್ಮ. ವಾಪಸ್ ಹೋದ್ರೆ ನಮಗೇನೂ ಇಲ್ಲ ಅಲ್ಲಿ. ಅದನ್ನ ನೆನೆಸ್ಕೊಂಡು ಎದ್ದೇಳು."

ಹುಡುಗಿ ಅಪ್ಪನ ಕಡೆ ನೋಡುತ್ತಿದ್ದಳು. ಅಪ್ಪ ಸ್ಟವ್ ಕಡೆ ತಿರುಗಿ ಹಾಲು ನೋಡುತ್ತಿದ್ದ. ಸೌಜನ್ಯ ಎದ್ದು ಶೂ ಕಟ್ಟಿಕೊಳ್ಳುತ್ತಿದ್ದಳು.

ಹೋಗಿ ವರ್ಷದ ಮೇಲಾಗಿತ್ತು. ಹುಡುಗಿಯ ಮೊಣಕಾಲ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿತು. ವಾಸಿಯಾಯಿತು, ಮತ್ತೆ ಬಿಟ್ಟಿತು. ಶಿಬಿರದ ಮುಖ್ಯ ತರಬೇತುದಾರ, ತಲೆ ನರೆತ ಮನುಷ್ಯ, ಒಂದು ಮಧ್ಯಾಹ್ನ ಗಂಡಹೆಂಡಿರನ್ನು ಕೂರಿಸಿಕೊಂಡು ಮಾತಾಡಿದ. ಹುಡುಗಿ ಒಳ್ಳೆಯ ಓಟಗಾರ್ತಿ, ಆದರೆ ದೇಹ ಇನ್ನೂ ಬೆಳೆಯುತ್ತಿದೆ, ಇಷ್ಟು ಓಡಿಸಿದರೆ ಮುರಿಯುತ್ತದೆ, ಊರಿಗೆ ಕರೆದುಕೊಂಡು ಹೋಗಿ ಸುಮ್ಮನೆ ಬೆಳೆಯಲು ಬಿಡಿ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತಾನು ಮೈದಾನದಲ್ಲಿದ್ದಿದ್ದರೆ ಇದನ್ನೇ ಹೇಳುತ್ತಿದ್ದೆ, ಬಹುಶಃ ಇನ್ನೂ ಬೇಗ ಹೇಳುತ್ತಿದ್ದೆ ಎಂದು ಶೋಭಾರಾಣಿಗೆ ಅನ್ನಿಸಿತು.

ಹಿಂತಿರುಗುವ ವಿಮಾನದಲ್ಲಿ ಅವಳು ಗಂಡನ ಕೈ ಹಿಡಿದುಕೊಂಡಿದ್ದಳು. "ಏನಾದ್ರೂ ಮಾಡಣ ರೀ. ಇಬ್ರೂ ಸೇರಿ ಶುರುವಿಂದ ಶುರು ಮಾಡಣ. ನಿಮಗೂ ಕಷ್ಟ, ನನಗೂ ಕಷ್ಟ."

"ಆಗತ್ತೆ ಬಿಡು," ಎಂದ ಮುರಳಿ.

ಚಿಕ್ಕಬಳ್ಳಾಪುರಕ್ಕೆ ಬಂದ ಮೇಲಿನ ಸೋಮವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ಆಫೀಸಿನ ಕಡೆ ಹೋಗಿ ಬರ್ತೀನಿ, ಏನಾದ್ರೂ ದಾರಿ ಇದೆಯಾ ಕೇಳ್ತೀನಿ" ಎಂದು ಹೊರಟ. ಮಂಗಳವಾರವೂ ಹೋದ, ಬುಧವಾರವೂ ಹೋದ. ಪಾಪ, ಯಾರ್ಯಾರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದಾನೋ ಎಂದು ಅವಳಿಗೆ ಮರುಕವಾಗುತ್ತಿತ್ತು. ತಾನೂ ಸುಮ್ಮನೆ ಕೂರಬಾರದೆಂದು ಗುರುವಾರ ತನ್ನ ಶಾಲೆಗೆ ಹೋದಳು.

ಮೈದಾನದಲ್ಲಿ ಮುನೇಶ್ ಎಂಬ ಹುಡುಗ ವಯಸ್ಸಿನ ಮೇಷ್ಟ್ರು ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದ. ಕ್ರೀಡಾಕೂಟಗಳಲ್ಲಿ ನೋಡಿದ್ದ ಅವಳನ್ನು ಗುರುತು ಹಿಡಿದು ಓಡಿ ಬಂದು, "ನಿಮ್ಮ ಜಾಗಕ್ಕೇ ಬಂದಿದೀನಿ ಮೇಡಂ" ಎಂದು ಸಂಕೋಚಪಟ್ಟ. ಚನ್ನಕೇಶವ ಕಾಫಿ ತರಿಸಿದರು.

"ನಿಮ್ಮ ರಾಜೀನಾಮೇನ ಒಂದು ವಾರ ಮೇಲಕ್ಕೆ ಕಳಿಸ್ದೇ ಇಟ್ಕೊಂಡಿದ್ದೆ ಕಣಮ್ಮ. ಮನಸ್ಸು ಬದಲಾಯಿಸ್ತೀರೇನೋ ಅಂತ. ನಿಮ್ಮ ಯಜಮಾನ್ರಿಗೂ ಫೋನ್ ಮಾಡಿದ್ದೆ, ಅವ್ರು ಹೇಳ್ಲಿಲ್ವಾ?"

"ಇಲ್ಲ ಸಾರ್."

"ಆಕೆಗೆ ರಜೆ ಹಾಕ್ಸಿ ಅಂದೆ. ಇಲ್ಲ ಸಾರ್, ಅವಳ ನಿರ್ಧಾರ ಗಟ್ಟಿ, ನೀವು ಕಳಿಸ್ಬಿಡಿ ಅಂದ್ರು. ಆಮೇಲೆ ನಾನೇನು ಮಾಡ್ಲಿ?"

ಆಗಲೂ ಅವಳಿಗೆ ಏನೂ ತಪ್ಪು ಕಾಣಲಿಲ್ಲ. ಯಜಮಾನರ ಕೆಲಸವೂ ಹೋಗಿತ್ತಲ್ಲ, ಗಟ್ಟಿ ಮನಸ್ಸು ಮಾಡಿದ್ದರು ಅಂದುಕೊಂಡಳು. ಶಾಲೆಯಿಂದ ಹೊರಗೆ ಬಂದವಳಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಗಂಡನ ಸಾಹೇಬರನ್ನು ತಾನೇ ಒಂದು ಮಾತು ಕೇಳೋಣ, ಇಬ್ಬರಲ್ಲಿ ಒಬ್ಬರಿಗಾದರೂ ಕೆಲಸ ಸಿಕ್ಕರೆ ಸಾಕು ಎಂದುಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದಳು.

ಕಚೇರಿಯ ಮುಂದಿನ ಟೀ ಅಂಗಡಿಯಲ್ಲಿ ಅಂಬರೀಶ್ ನಿಂತಿದ್ದ. ಮುರಳಿಯ ಪಕ್ಕದ ಮೇಜಿನವನು. ಅಂದು ಹಾರ ಹಾಕಲು ಬಂದವರಲ್ಲಿ ಅವನೂ ಒಬ್ಬ. ಅವಳನ್ನು ಕಂಡು ಲೋಟ ಕೆಳಗಿಟ್ಟು ಹತ್ತಿರ ಬಂದ.

"ಬನ್ನಿ ಮೇಡಂ, ಚೆನ್ನಾಗಿದೀರಾ? ಸಾರ್ ಒಳಗಿದಾರೆ, ಕರೀಲಾ?"

"ಬೇಡಿ. ಸಾಹೇಬ್ರನ್ನ ನೋಡಣ ಅಂತ ಬಂದೆ. ಅವರಿಗೆ ಮತ್ತೆ ಕೆಲಸ ಕೊಡೋಕಾಗತ್ತಾ ಅಂತ..."

ಅಂಬರೀಶನಿಗೆ ಅರ್ಥವಾಗಲಿಲ್ಲ. "ಕೊಡೋದೇನು ಮೇಡಂ? ಸೋಮವಾರಾನೇ ಡ್ಯೂಟಿಗೆ ಬಂದ್ರಲ್ಲ. ಇನ್ನೂ ರಜೆ ಬಾಕಿ ಇತ್ತು, ಆದ್ರೂ ಬೇಗ ಬಂದ್ಬಿಟ್ರು. ಸಂಬಳ ಇಲ್ದಿರೋ ರಜೆ ಇಷ್ಟುದ್ದ ನಮ್ಮಾಫೀಸಲ್ಲಿ ಯಾರಿಗೂ ಸಿಕ್ಕಿರ್ಲಿಲ್ಲ. ಸಾರ್‌ದು ಪುಣ್ಯ."

"ರಜೆ," ಎಂದಳು ಶೋಭಾರಾಣಿ.

ಅವಳ ಮುಖ ನೋಡಿ ಅವನು ಅಂಗಡಿಯವನಿಗೆ ಇನ್ನೊಂದು ಲೋಟ ಹೇಳಿದ. ಟೀ ಕುಡಿಯಿರಿ ಎಂದ. ಅವಳು ಕುಡಿದಳು. ಒಳಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಬಂದು, ಚಿಕ್ಕಬಳ್ಳಾಪುರದ ಬಸ್ಸುಗಳು ಒಂದರ ಹಿಂದೊಂದು ಹೋದರೂ ಹತ್ತದೆ ಕೂತಿದ್ದಳು. ಚನ್ನಕೇಶವರು ಹೇಳಿದ ಮಾತು ಈಗ ಬೇರೆ ಥರ ಕೇಳಿಸತೊಡಗಿತು. ಫೋನ್ ಬಂದಾಗ ಮುರಳಿ ಇದೇ ಕಚೇರಿಯ ಕುರ್ಚಿಯಲ್ಲಿ ಕೂತಿದ್ದಿರಬೇಕು. ತನ್ನ ಕುರ್ಚಿ ಭದ್ರ ಮಾಡಿಕೊಂಡು, ಅವಳದನ್ನು ಕಳಿಸಿಬಿಡಿ ಎಂದಿದ್ದ.

ಮನೆಗೆ ಬಂದಾಗ ಪೆರೇಸಂದ್ರದಿಂದ ಅತ್ತೆ ಮುನಿಗಂಗಮ್ಮ ಬಂದಿದ್ದರು, ಮೊಮ್ಮಗಳ ಕಾಲಿಗೆ ಎಣ್ಣೆ ನೀವುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುರಳಿ ಬಂದ. ಅವನು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದಾಗಲೇ ಕೇಳಿದಳು.

"ನೀವು ರಾಜೀನಾಮೆ ಕೊಟ್ಟಿರ್ಲಿಲ್ವಾ?"

ಅವನು ತಲೆ ಎತ್ತಲಿಲ್ಲ. "ಯಾರು ಹೇಳಿದ್ರು?"

"ಯಾರು ಹೇಳಿದ್ರೇನು. ಕೊಟ್ಟಿರ್ಲಿಲ್ವಾ?"

"ಕೊಡಣ ಅಂತಾನೇ ಹೋಗಿದ್ದೆ ಶೋಭಾ. ಸಾಹೇಬ್ರು ಬೈದ್ರು, ರಜೆ ಹಾಕ್ಕೊಂಡು ಹೋಗ್ರೀ ಅಂದ್ರು. ಆ ಹೊತ್ತಿಗೆ ನೀನು ಕೊಟ್ಟಾಗಿತ್ತು."

"ನಂದು ಒಂದು ವಾರ ಹೆಡ್ ಮೇಷ್ಟ್ರ ಮೇಜಿನ ಮೇಲೇ ಇತ್ತಂತೆ. ನಿಮಗೆ ಫೋನ್ ಮಾಡಿ ಕೇಳಿದ್ರಂತೆ."

ಮುರಳಿ ಕುರ್ಚಿಯಲ್ಲಿ ಕೂತ. ಸುಳ್ಳು ಹೇಳುವ ಪ್ರಯತ್ನ ಮಾಡಲಿಲ್ಲ. ಆಗಲೂ ದನಿ ಮೆತ್ತಗೇ ಇತ್ತು. "ನಿಮ್ಮ ಶಾಲೆಯವ್ರು ಕೊಡ್ತಿದ್ದುದು ಒಂದು ವರ್ಷ. ಅದು ಮುಗೀತಾ ಬಂದ್ರೆ ನೀನು ವಾಪಸ್ ಹೋಗಣ ಅಂತಿದ್ದೆ. ಹುಡುಗಿ ಜೊತೆ ಒಬ್ರಾದ್ರೂ ಪೂರ್ತಿ ಮನಸ್ಸಿಟ್ಟು ಇರ್ಬೇಕಿತ್ತು. ಮನೆಗೆ ಒಂದು ಸಂಬಳಾನೂ ಉಳೀಬೇಕಿತ್ತು. ಎರಡೂ ಯೋಚನೆ ಮಾಡಿದೆ."

"ನನ್ನ ಕೇಳ್ಬೋದಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅನ್ನೋದಕ್ಕೂ ಜಾಗ ಇರ್ಲಿ ಅಂತಾನೇ ಕೇಳೋದು."

ಮುನಿಗಂಗಮ್ಮ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಮಾಧಾನಕ್ಕೆ ಬಂದರು. "ಏಮ್ಮಾ ಶೋಭಾ, ಒಬ್ರಾದ್ರೂ ನೆಲ ಬಿಡ್ದೇ ಇದ್ದಿದ್ದು ಒಳ್ಳೇದೇ ಆಯ್ತಲ್ಲ. ಇಬ್ರೂ ಬಿಟ್ಟಿದ್ರೆ ಇವತ್ತು ಏನು ಗತಿ? ನಾನೇ ಹೇಳಿದ್ದೆ ಅವನಿಗೆ, ಬಿಡಬೇಡ ನಾಯನಾ ಅಂತ."

ಅತ್ತೆಗೂ ಗೊತ್ತಿತ್ತು. ಅತ್ತೆಗೆ ಗೊತ್ತಿದ್ದರೆ ಭಾವನಿಗೂ ಗೊತ್ತು, ಪೆರೇಸಂದ್ರದ ಬೀದಿಗೂ ಗೊತ್ತು. ಅತ್ತೆಯ ಮಾತಿನಲ್ಲಿ ನ್ಯಾಯವೂ ಇತ್ತು, ಅದೇ ಅವಳನ್ನು ಹೆಚ್ಚು ಸುಟ್ಟಿತು. ಮನೆಗೆ ಅನ್ನ ಬರುವುದು ಆ ಸುಳ್ಳಿನಿಂದಲೇ ಆಗಿತ್ತು. ಜಗಳ ಆಡುವುದಕ್ಕೂ ಅವಳಿಗೆ ನೆಲ ಉಳಿದಿರಲಿಲ್ಲ.

ಅವಳು ಮಗಳ ಕಡೆ ತಿರುಗಿದಳು. ಸೌಜನ್ಯ ಕಾಲು ಮಡಚಿಕೊಂಡು ಗೋಡೆಗೆ ಒರಗಿದ್ದಳು. ಅವಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ನಿಂಗೂ ಗೊತ್ತಿತ್ತಾ?"

ಹುಡುಗಿ ಅಪ್ಪನ ಕಡೆ ನೋಡಿದಳು.

"ಅವರನ್ನ ನೋಡಬೇಡ, ನನ್ನ ನೋಡಿ ಹೇಳು."

"ಇಟೆನ್‌ನಲ್ಲಿ ಒಂದಿನ ತುಂಬ ಅತ್ತಿದ್ದೆ ಅಮ್ಮ. ಆವಾಗ ಅಪ್ಪ ಹೇಳಿದ್ರು. ಓಡೋಕಾಗ್ದೇ ಇದ್ರೂ ಪರವಾಗಿಲ್ಲ, ಅಪ್ಪನ ಕೆಲಸ ಇದೆ, ಅಮ್ಮಂಗೆ ಹೇಳ್ಬೇಡ ಅಂತ."

"ದಿನಾ ಬೆಳಿಗ್ಗೆ ನಿನ್ನ ಪಕ್ಕ ಕೂತ್ಕೊಂಡು ನಾನು ಹೇಳ್ತಿದ್ನಲ್ಲ, ಇಬ್ರೂ ಕೆಲಸ ಬಿಟ್ಟು ಬಂದಿದೀವಿ ಅಂತ. ಅವಾಗ?"

"ಅವಾಗ ಅಪ್ಪ ಹೇಳಿದ್ದು ನೆನೆಸ್ಕೊಳ್ತಿದ್ದೆ. ಭಯ ಕಮ್ಮಿ ಆಗ್ತಿತ್ತು."

ಮಗುವಿನ ಮಾತಿನಲ್ಲಿ ಕಪಟವಿರಲಿಲ್ಲ. ಶೋಭಾರಾಣಿ ಎದ್ದು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತಳು. ಆ ಚಳಿಯ ಬೆಳಗುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ತಾನು ಎದೆ ಬಗೆದಿಟ್ಟಂತೆ ಆಡಿದ ಮಾತನ್ನು ಇಬ್ಬರೂ ಕೇಳಿಸಿಕೊಂಡು, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಸುಮ್ಮನಿದ್ದರು. ಮಗಳನ್ನು ಹೆದರಿಸಿದವಳು ತಾನು, ಧೈರ್ಯ ಹೇಳಿದವನು ಅವನು. ಅಪ್ಪನ ಸುಳ್ಳು ಮಗುವಿಗೆ ನೆರಳಾಗಿತ್ತು, ಅಮ್ಮನ ನಿಜ ಬಿಸಿಲಾಗಿತ್ತು.

ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಅಂದಿನ ಅಡುಗೆಯನ್ನೂ ಅವಳೇ ಮಾಡಿದಳು. ಒಂದು ತಿಂಗಳು ಹಾಗೇ ನಡೆಯಿತು. ಮುರಳಿ ಸಂಬಳ ತಂದು ದೇವರ ಮನೆಯಲ್ಲಿಟ್ಟು, "ನಿಂದೇ ಅಲ್ವಾ ಇದೂ" ಎಂದ. ಅವಳು ಅದನ್ನು ಮುಟ್ಟಲಿಲ್ಲ. ಕ್ಷಮಿಸು ಎಂದೂ ಕೇಳಿದ, ಒಂದು ಸಲ ಅಲ್ಲ, ಹಲವು ಸಲ. ಆದರೆ ಪ್ರತಿ ಸಲವೂ ಕೊನೆಗೆ, "ಆದ್ರೆ ಯೋಚನೆ ಮಾಡು, ನಾನು ಮಾಡಿದ್ರಿಂದ ನಷ್ಟ ಏನಾಯ್ತು?" ಎಂದು ಸೇರಿಸುತ್ತಿದ್ದ. ಆ ಪ್ರಶ್ನೆಗೆ ಉತ್ತರವಾಗಿ ಎದುರಿಗೇ ನಿಂತಿದ್ದವಳು ಅವನಿಗೆ ಕಾಣುತ್ತಿರಲಿಲ್ಲ.

ಶಾಲೆಗಳು ಶುರುವಾಗುವ ಹೊತ್ತಿಗೆ ಚಿಂತಾಮಣಿಯ ಒಂದು ಸರ್ಕಾರಿ ಪ್ರೌಢಶಾಲೆಗೆ ಅತಿಥಿ ಶಿಕ್ಷಕಿ ಬೇಕೆಂದು ಗೊತ್ತಾಯಿತು. ಅರ್ಜಿ ಹಾಕಿದಳು, ಸಿಕ್ಕಿತು. ತವರಿಗೆ ಹೋಗಿ ರಾಮಲಕ್ಷ್ಮಮ್ಮನ ಜೊತೆ ಉಳಿದಳು. ಗಂಡನನ್ನು ಬಿಟ್ಟು ಬಂದಳೆಂದು ಊರಿನವರು ಹೇಳದಂತೆ, ಕೆಲಸಕ್ಕೆ ಹತ್ತಿರ ಎಂದು ರಾಮಲಕ್ಷ್ಮಮ್ಮ ಎಲ್ಲರಿಗೂ ಹೇಳಿಕೊಂಡು ಬಂದರು. ಸೌಜನ್ಯಳ ಶಾಲೆ ಚಿಕ್ಕಬಳ್ಳಾಪುರದಲ್ಲೇ ಇದ್ದುದರಿಂದ ಅವಳು ಅಪ್ಪನ ಜೊತೆ ಉಳಿದು, ಭಾನುವಾರ ಬಸ್ಸಿನಲ್ಲಿ ಬರುತ್ತಿದ್ದಳು. ತಾಯಿ ಮಗಳು ಊಟ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಓಟದ ಮಾತು ಎತ್ತುತ್ತಿರಲಿಲ್ಲ. ಒಂದು ಸಲ ಮಗಳು, "ಕಾಲು ಪೂರ್ತಿ ಸರಿ ಹೋಯ್ತು ಅಮ್ಮ, ಮತ್ತೆ ಓಡಲಾ?" ಎಂದು ಕೇಳಿದಳು.

"ನಿಂಗೆ ಆಸೆ ಇದ್ರೆ ಓಡು. ಯಾರಿಗೋಸ್ಕರಾನೂ ಬೇಡ."

"ನೀನು ಹೇಳ್ಕೊಡ್ತೀಯಾ?"

ಶೋಭಾರಾಣಿ ಒಗೆದ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. "ಈಗಲೇ ಆಗಲ್ಲ ಕಣಮ್ಮ," ಎಂದಳು.

ದಸರಾ ರಜೆ ಮುಗಿದ ಮೇಲೆ ಒಂದು ದಿನ ಮುರಳಿ ಚಿಂತಾಮಣಿಯ ಶಾಲೆಗೇ ಬಂದ. ಮಕ್ಕಳು ಖೋಖೋ ಆಡುತ್ತಿದ್ದರು. ಹೊಂಗೆ ಮರದ ಕೆಳಗೆ ನಿಂತು, ಖುಷಿಯ ಸುದ್ದಿ ತಂದವನ ಹಾಗೆ ಹೇಳಿದ. "ಚಿಕ್ಕಬಳ್ಳಾಪುರದಲ್ಲಿ ಒಂದು ಪ್ರೈವೇಟ್ ಸ್ಕೂಲಲ್ಲಿ ಜಾಗ ಖಾಲಿ ಇದೆ ಶೋಭಾ. ಮಾತಾಡಿ ಆಗಿದೆ. ಮುಂದಿನ ತಿಂಗಳಿಂದ ಬರ್ತಾಳೆ ಅಂತ ಹೇಳಿದೀನಿ."

ಅವಳು ಅವನ ಮುಖವನ್ನು ನೋಡಿದಳು. ಆ ಮುಖದಲ್ಲಿ ಕೆಟ್ಟತನ ಹುಡುಕಿದರೂ ಸಿಗುತ್ತಿರಲಿಲ್ಲ.

"ಯಾರ್ಯಾರಿಗೆ ಗೊತ್ತು ಇದು?"

"ಯಾರಿಗೂ ಇಲ್ಲ. ಅಮ್ಮಂಗೆ ಹೇಳ್ದೆ ಅಷ್ಟೆ. ಸೌಜನ್ಯಾಗೆ ಗೊತ್ತು. ಅಣ್ಣಾನೂ ಅಲ್ಲೇ ಇದ್ದ."

"ಸರಿ," ಎಂದಳು ಶೋಭಾರಾಣಿ. "ಬರಲ್ಲ ಅಂತ ಅವರಿಗೆಲ್ಲ ನೀವೇ ಹೇಳ್ಬಿಡಿ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಖೋಖೋ ಆಡುತ್ತಿದ್ದ ಹುಡುಗಿಯೊಬ್ಬಳು ಔಟಾಗಿಲ್ಲವೆಂದು ಜಗಳ ತೆಗೆದಳು. ಎರಡೂ ಕಡೆಯವರು ಕೂಗುತ್ತ ಮಿಸ್ಸನ್ನು ಹುಡುಕಿದರು. ಶೋಭಾರಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈದಾನದ ಕಡೆ ನಡೆದಳು.